ಚಳಿ ಮುಗಿದರೂ ಮೇಪಲ್ ಚಿಗುರುತ್ತಿಲ್ಲವೇ? ಎಲ್ಲಿ ಒಣಗಿದೆ ಅಂತ ಮೊದಲು ನೋಡಿ

ಏಪ್ರಿಲ್ ಕೊನೆಯ ವಾರ ಬಂತೆಂದರೆ ನನ್ನ ಫೋನಿಗೆ ಫೋಟೋಗಳು ಬರಲು ಶುರುವಾಗುತ್ತವೆ. ಎಲ್ಲಾ ಶಿಕಾಗೋ ಸುತ್ತಮುತ್ತಲಿನ ಕನ್ನಡದ ಗೆಳೆಯರ ಹಿತ್ತಲಿನವು. ಪಕ್ಕದ ಮನೆಯ ಮರಗಳೆಲ್ಲ ಹಸಿರಾಗಿವೆ, ಇವರ ಜಪಾನೀಸ್ ಮೇಪಲ್ ಮಾತ್ರ ಒಣಕಡ್ಡಿಯ ಹಾಗೆ ನಿಂತಿದೆ. "ಸತ್ತು ಹೋಯ್ತಾ? ಕಿತ್ತು ಹಾಕೋದಾ?" ಅಂತ ಕೇಳುತ್ತಾರೆ. ಇನ್ನೂರು ಮುನ್ನೂರು ಡಾಲರ್ ಕೊಟ್ಟು ತಂದ ಮರ, ಮಕ್ಕಳ ಜೊತೆ ಸೇರಿ ಗುಂಡಿ ತೋಡಿ ನೆಟ್ಟ ಮರ. ಹೊಟ್ಟೆ ಉರಿಯುವುದು ಸಹಜ.

ಕೀಳಬೇಡಿ. ಒಣಗಿದ್ದು ಎಲ್ಲಿಂದ ಶುರುವಾಗಿದೆ ಅಂತ ನೋಡಿ. ತುದಿಯಿಂದ ಕೆಳಕ್ಕೆ ಇಳಿದಿದೆಯಾ? ಕಾಂಡದ ಒಂದೇ ಬದಿಯಲ್ಲಿದೆಯಾ? ಮಣ್ಣಿನ ಮಟ್ಟದಲ್ಲಿ ತೊಗಟೆ ಹೋಗಿದೆಯಾ? ಒಂದೇ ಕೊಂಬೆಯಾ? ಇಲ್ಲಾ ಚಿಗುರಿದ ಮೇಲೆ ಇಡೀ ಮರ ಬಾಡಿತಾ? ಹತ್ತು ವರ್ಷದಿಂದ ಇಲ್ಲಿ ಮೇಪಲ್ ಬೆಳೆಸುತ್ತಾ ನಾನು ಕಲಿತದ್ದು ಇಷ್ಟು: ಚಳಿಗಾಲದ ಪ್ರತಿಯೊಂದು ಪೆಟ್ಟಿಗೂ ಮರದ ಮೈಮೇಲೆ ಅದರದ್ದೇ ಜಾಗ ಇದೆ. ಜಾಗ ಸಿಕ್ಕಿದರೆ ಕಾರಣ ಸಿಗುತ್ತದೆ. ಮರ ಉಳಿಯುತ್ತದಾ ಇಲ್ಲವಾ ಅನ್ನುವುದೂ ಆಗಲೇ ತಿಳಿಯುತ್ತದೆ.

ಮುಂದೆ ಹೋಗುವ ಮೊದಲು ಒಂದು ಲೆಕ್ಕ. ಏಸರ್ ಪಾಮೇಟಮ್, ಅಂದರೆ ನಾವು ಜಪಾನೀಸ್ ಮೇಪಲ್ ಅನ್ನುವ ಮರ, ಜಪಾನ್ ಮತ್ತು ಕೊರಿಯಾದ ಕಾಡಿನದು. ದೊಡ್ಡ ಮರಗಳ ನೆರಳಲ್ಲಿ ಬೆಳೆಯುವಂಥದ್ದು. ಯಾವ ಊರಲ್ಲಿ ಎಷ್ಟು ಚಳಿ ಅಂತ ವಲಯಗಳಾಗಿ ತೋರಿಸುವ ಅಮೆರಿಕದ ಕೃಷಿ ಇಲಾಖೆಯ ನಕ್ಷೆಯಲ್ಲಿ ಇದಕ್ಕೆ ಸಾಮಾನ್ಯವಾಗಿ ಕೊಡುವ ವಲಯ 5ರಿಂದ 8. ಸಂಖ್ಯೆ ಹೆಚ್ಚಾದಷ್ಟೂ ಚಳಿ ಕಡಿಮೆ. ವಲಯ 5 ಅಂದರೆ ವರ್ಷದ ಅತಿ ಚಳಿಯ ರಾತ್ರಿ, ಸರಾಸರಿಯಲ್ಲಿ, ಮೈನಸ್ 29ರಿಂದ ಮೈನಸ್ 23 ಡಿಗ್ರಿ ಸೆಲ್ಸಿಯಸ್ಸಿನ ನಡುವೆ ಇರುತ್ತದೆ. 2023ರಲ್ಲಿ ಬಂದ ಹೊಸ ನಕ್ಷೆಯಲ್ಲಿ ಶಿಕಾಗೋ ಸುತ್ತಲಿನ ಬಹಳಷ್ಟು ಜಾಗ 6ಕ್ಕೆ ಸರಿದಿದೆ. ಆದರೆ ಸರಾಸರಿ ಬರೀ ಸರಾಸರಿ. 2019ರ ಜನವರಿ 30ರಂದು ಓ'ಹೇರ್ ವಿಮಾನ ನಿಲ್ದಾಣದಲ್ಲಿ ಮೈನಸ್ 23 ಫ್ಯಾರನ್‌ಹೀಟ್ ದಾಖಲಾಯಿತು. ಸೆಲ್ಸಿಯಸ್ಸಿನಲ್ಲಿ ಹೆಚ್ಚುಕಡಿಮೆ ಮೈನಸ್ 31. ಅಂದರೆ ನಮ್ಮ ಊರಲ್ಲಿ ಈ ಮರ ಗಡಿಯ ಮೇಲೆ ನಿಂತು ಬದುಕುತ್ತಿದೆ. ಸಣ್ಣ ತಪ್ಪೂ ಅದಕ್ಕೆ ದೊಡ್ಡದಾಗುತ್ತದೆ.

ಉಗುರಿನಿಂದ ಶುರು ಮಾಡಿ

ತೆಳ್ಳನೆಯ ಕೊಂಬೆಯೊಂದರ ತುದಿ ಹಿಡಿದು ಹೆಬ್ಬೆರಳಿನ ಉಗುರಿನಿಂದ ತೊಗಟೆಯನ್ನು ಸ್ವಲ್ಪವೇ ಕೆರೆಯಿರಿ. ಒಂದು ಅಕ್ಕಿಕಾಳಿನಷ್ಟು ಸಾಕು. ಕೆಳಗೆ ಒದ್ದೆ ಹಸಿರು ಕಂಡರೆ ಜೀವ ಇದೆ. ಕಂದು, ಒಣ, ನಾರು ನಾರು ಕಂಡರೆ ಆ ಜಾಗ ಸತ್ತಿದೆ. ಅಲ್ಲಿಗೆ ನಿಲ್ಲಿಸಬೇಡಿ. ನಾಲ್ಕು ಬೆರಳು ಕೆಳಗೆ ಬಂದು ಮತ್ತೆ ಕೆರೆಯಿರಿ. ಮತ್ತೆ ಕೆಳಗೆ. ಹಸಿರು ಸಿಗುವ ತನಕ. ಸಿಕ್ಕಿದ ಜಾಗಕ್ಕೆ ಒಂದು ದಾರ ಕಟ್ಟಿ. ನಾಲ್ಕೈದು ಕೊಂಬೆಗಳಲ್ಲಿ ಹೀಗೆ ಮಾಡಿದರೆ ಮರ ಎಲ್ಲಿವರೆಗೆ ಬದುಕಿದೆ ಅನ್ನುವ ಚಿತ್ರ ಸಿಗುತ್ತದೆ.

ಬಹಳ ಜನ ತುದಿ ಮುರಿದು ನೋಡಿ "ಲಟಕ್ ಅಂತು, ಸತ್ತಿದೆ" ಅನ್ನುತ್ತಾರೆ. ತುದಿ ಸತ್ತ ಮಾತ್ರಕ್ಕೆ ಮರ ಸತ್ತಂತಲ್ಲ. ಮೊಗ್ಗನ್ನೂ ನೋಡಿ. ಮೇಪಲ್ಲಿನ ಮೊಗ್ಗುಗಳು ಜೋಡಿ ಜೋಡಿಯಾಗಿ ಎದುರುಬದುರು ಇರುತ್ತವೆ. ಜೀವ ಇರುವ ಮೊಗ್ಗು ಗಟ್ಟಿಯಾಗಿ, ತುಂಬಿಕೊಂಡು, ಸ್ವಲ್ಪ ಹೊಳೆಯುತ್ತದೆ. ಸತ್ತದ್ದು ಮುದುರಿರುತ್ತದೆ, ಬೆರಳಿಟ್ಟರೆ ಪುಡಿಯಾಗುತ್ತದೆ.

ಒಂದು ಸಮಾಧಾನದ ಮಾತು. ಎಲೆಗಳು ಅಕ್ಟೋಬರಿನಲ್ಲಿ ಉದುರದೆ ಕಂದಾಗಿ ಚಳಿಗಾಲವಿಡೀ ಮರಕ್ಕೇ ಅಂಟಿಕೊಂಡಿದ್ದರೆ ಅದನ್ನು ಸಾವಿನ ಗುರುತು ಅಂತ ತಿಳಿಯಬೇಡಿ. ಎಲೆ ಕಳಚಿಕೊಳ್ಳುವ ಮೊದಲೇ ಜೋರು ಚಳಿ ಬಂದರೆ ಹಾಗಾಗುತ್ತದೆ. ವಸಂತದಲ್ಲಿ ಹೊಸ ಮೊಗ್ಗು ಅದನ್ನು ತಳ್ಳಿ ಬೀಳಿಸುತ್ತದೆ.

ತುದಿಗಳು ಮಾತ್ರ ಒಣಗಿದ್ದರೆ

ಮರದ ತುಂಬಾ ತುದಿಯ ಆರೆಂಟು ಇಂಚು ಒಣಗಿ, ಕೆಳಗೆಲ್ಲ ಹಸಿರಿದ್ದರೆ, ತಪ್ಪು ಆಗಿದ್ದು ಜನವರಿಯಲ್ಲಲ್ಲ. ಹಿಂದಿನ ಆಗಸ್ಟ್ ಸೆಪ್ಟೆಂಬರಿನಲ್ಲಿ. ಆಗ ಗೊಬ್ಬರ ಹಾಕಿದಿರಾ ಅಂತ ನೆನಪು ಮಾಡಿಕೊಳ್ಳಿ. ಹುಲ್ಲುಹಾಸಿಗೆ ಎರಚಿದ ಸಾರಜನಕದ ಗೊಬ್ಬರ ಮರದ ಬೇರಿಗೂ ಹೋಗಿರುತ್ತದೆ. ಅದು ತಿಂದ ಮರ ಮಲಗುವ ಹೊತ್ತಿನಲ್ಲಿ ಹೊಸ ಚಿಗುರು ಬಿಡುತ್ತದೆ. ಆ ಚಿಗುರು ಬಲಿಯಲು ಪುರುಸೊತ್ತು ಸಿಗುವುದಿಲ್ಲ. ಮೊದಲ ಗಟ್ಟಿ ಚಳಿಗೇ ಹೋಗುತ್ತದೆ.

ಇನ್ನೊಂದು ಕಾರಣ ಬಾಯಾರಿಕೆ. ಎಲೆ ಉದುರಿದ ಮೇಲೆ ಮರಕ್ಕೆ ನೀರು ಬೇಡ ಅಂತ ನಾವು ಪೈಪ್ ಸುತ್ತಿ ಇಡುತ್ತೇವೆ. ಆದರೆ ಚಳಿಗಾಲದ ಒಣಗಾಳಿ ತೊಗಟೆಯಿಂದಲೂ ಮೊಗ್ಗಿನಿಂದಲೂ ನೀರು ಎಳೆಯುತ್ತಲೇ ಇರುತ್ತದೆ. ನೆಲ ಹೆಪ್ಪುಗಟ್ಟಿದ ಮೇಲೆ ಬೇರಿಗೆ ನೀರು ಸಿಗುವುದಿಲ್ಲ. ಅಷ್ಟರೊಳಗೆ ಕುಡಿದದ್ದೇ ಗತಿ. ಗಾಳಿ ಹೊಡೆಯುವ ವಾಯುವ್ಯ ಮೂಲೆಯ ಕೊಂಬೆಗಳೇ ಜಾಸ್ತಿ ಒಣಗಿದ್ದರೆ ಇದೇ ಕಾರಣ ಅಂತ ತಿಳಿಯಿರಿ.

ಪರಿಹಾರ ಸುಲಭ. ದಾರ ಕಟ್ಟಿದ ಜಾಗದ ಸ್ವಲ್ಪ ಕೆಳಗೆ, ಒಂದು ಜೋಡಿ ಒಳ್ಳೆಯ ಮೊಗ್ಗಿನ ಮೇಲೆ, ಸತ್ತ ತುದಿ ಕತ್ತರಿಸಿ. ಜೀವಂತ ದೊಡ್ಡ ಕೊಂಬೆಗಳನ್ನು ಮಾತ್ರ ಮಾರ್ಚ್ ಏಪ್ರಿಲಿನಲ್ಲಿ ಮುಟ್ಟಬೇಡಿ. ಆಗ ಮೇಪಲ್ಲಿನಲ್ಲಿ ರಸ ಏರುತ್ತಿರುತ್ತದೆ, ಕಡಿದಲ್ಲಿ ನಲ್ಲಿಯ ಹಾಗೆ ಸುರಿಯುತ್ತದೆ. ಆಕಾರ ಕೊಡುವ ಕತ್ತರಿ ಕೆಲಸ ಜುಲೈಗೆ ಇಟ್ಟುಕೊಳ್ಳಿ. ಮುಂದಿನ ವರ್ಷಕ್ಕೆ: ಜುಲೈ ಮಧ್ಯದ ನಂತರ ಗೊಬ್ಬರ ಇಲ್ಲ, ನೆಲ ಹೆಪ್ಪುಗಟ್ಟುವ ತನಕ, ಅಂದರೆ ನವೆಂಬರಿನಲ್ಲೂ, ಮಳೆ ಬಾರದ ವಾರ ನೀರು.

ಕಾಂಡದ ಒಂದೇ ಬದಿ ಸೀಳಿದ್ದರೆ

ನಮ್ಮ ಮೊದಲ ಮರದ ಕಾಂಡದಲ್ಲಿ ಒಂದು ಮಾರ್ಚಿನಲ್ಲಿ ಉದ್ದನೆಯ ಸೀಳು ಕಂಡಿತು. ಅಂಗೈ ಅಗಲದ ತೊಗಟೆ ಎದ್ದು ಬಂದಿತ್ತು. ನನಗೆ ಅರ್ಥವಾಗಲಿಲ್ಲ. ತೀರ್ಥಹಳ್ಳಿ ಹತ್ತಿರದ ತೋಟದಲ್ಲಿರುವ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಯಾವ ದಿಕ್ಕಿಗೆ ಒಡ್ದಿದ್ಯಾ ನೋಡು. ಸಂಜೆ ಬಿಸ್ಲು ಬೀಳೋ ಬದೀನಾ?"

ಹೌದು. ಸರಿಯಾಗಿ ನೈರುತ್ಯ.

"ಹಾಗಾರೆ ಅದು ಬಿಸ್ಲಿಂದು ಕಣೋ. ಅಡಿಕೆ ಮರಕ್ಕೂ ಆ ಬದೀಗೇ ಅಲ್ವಾ ಹೊಡ್ಯೋದು."

ಮಲೆನಾಡಿನಲ್ಲಿ ಬೆಳೆದವರಿಗೆ ಇದು ಗೊತ್ತು. ತೋಟದ ಅಂಚಿನ ಅಡಿಕೆ ಮರಗಳ ಕಾಂಡಕ್ಕೆ ದಕ್ಷಿಣ, ನೈರುತ್ಯದ ಬಿಸಿಲು ಬಿದ್ದು ಸುಡುತ್ತದೆ ಅಂತ ಹಾಳೆ ಕಟ್ಟುತ್ತಾರೆ, ಸುಣ್ಣ ಬಳಿಯುತ್ತಾರೆ. ಮೈನಸ್ ಇಪ್ಪತ್ತರ ಊರಿನಲ್ಲಿ ಬಿಸಿಲಿನ ಪೆಟ್ಟು ಅಂದರೆ ನನಗೆ ಮೊದಲು ನಂಬಿಕೆ ಬರಲಿಲ್ಲ. ಆದರೆ ನಡೆಯುವುದು ಹಾಗೇ. ಚಳಿಗಾಲದ ಸೂರ್ಯ ತಗ್ಗಿನಲ್ಲಿರುತ್ತಾನೆ, ಎಲೆಯ ನೆರಳು ಇಲ್ಲ, ನೆಲದ ಸ್ನೋ ಕೂಡ ಬೆಳಕನ್ನು ಕಾಂಡದ ಮೇಲೆ ಎಸೆಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಆ ಬದಿಯ ತೊಗಟೆ ಗಾಳಿಗಿಂತ ಎಷ್ಟೋ ಬಿಸಿಯಾಗಿ, ಒಳಗಿನ ಜೀವಕೋಶಗಳು ಎಚ್ಚರವಾಗುತ್ತವೆ. ಸೂರ್ಯ ಮುಳುಗಿದ ಕೂಡಲೇ ಉಷ್ಣತೆ ಧಡಕ್ಕನೆ ಬೀಳುತ್ತದೆ. ಎಚ್ಚರವಾದ ಜೀವಕೋಶ ಹೆಪ್ಪುಗಟ್ಟಿ ಸಾಯುತ್ತದೆ, ತೊಗಟೆ ಬಿರಿಯುತ್ತದೆ. ಅಡಿಕೆಗೆ ಬರೀ ಬಿಸಿಲಿನಿಂದ ಆಗುವುದು ಇಲ್ಲಿ ಬಿಸಿಲು, ಚಳಿ ಎರಡೂ ಸೇರಿ ಆಗುತ್ತದೆ. ದಿಕ್ಕು ಮಾತ್ರ ಅದೇ.

ಜಪಾನೀಸ್ ಮೇಪಲ್ಲಿನ ತೊಗಟೆ ತೆಳು, ನುಣುಪು. ಅದಕ್ಕೇ ಇದು ಬೇಗ ತಗಲುತ್ತದೆ, ಎಳೆ ಮರಗಳಿಗೆ ಇನ್ನೂ ಬೇಗ. ಸೀಳು ಕಂಡರೆ ಸಡಿಲವಾದ ತೊಗಟೆಯನ್ನಷ್ಟೇ ಹರಿತವಾದ ಚಾಕುವಿನಿಂದ ತೆಗೆಯಿರಿ. ಮೇಲೆ ಏನನ್ನೂ ಬಳಿಯಬೇಡಿ. ಅಂಗಡಿಯಲ್ಲಿ ಸಿಗುವ ಕಪ್ಪು ಬಣ್ಣದ ಗಾಯದ ಪೇಂಟ್ ಒಳಗೆ ತೇವ ಹಿಡಿದಿಟ್ಟು ಕೊಳೆಸುತ್ತದೆಯೇ ಹೊರತು ಗುಣ ಮಾಡುವುದಿಲ್ಲ. ಮರವೇ ಅಂಚಿನಿಂದ ಹೊಸ ತೊಗಟೆ ಬೆಳೆಸಿ ಮುಚ್ಚುತ್ತದೆ, ವರ್ಷಗಳು ಹಿಡಿಯುತ್ತವೆ. ಸುತ್ತಳತೆಯ ಅರ್ಧಕ್ಕಿಂತ ಹೆಚ್ಚು ತೊಗಟೆ ಉಳಿದಿದ್ದರೆ ಮರ ಬದುಕುವ ಭರವಸೆ ಇಡಬಹುದು. ನಮ್ಮದು ಬದುಕಿದೆ. ನವೆಂಬರ್ ಕೊನೆಗೆ ಕಾಂಡಕ್ಕೆ ಬಿಳಿ ಬಣ್ಣದ ಸುತ್ತುಪಟ್ಟಿ ಕಟ್ಟಿ, ಏಪ್ರಿಲಿನಲ್ಲಿ ಮರೆಯದೆ ಬಿಚ್ಚುತ್ತೇನೆ. ಬಿಚ್ಚದಿದ್ದರೆ ಒಳಗೆ ಹುಳ ಸೇರುತ್ತವೆ, ತೇವ ನಿಲ್ಲುತ್ತದೆ. ಕಪ್ಪು, ಕಂದು ಬಣ್ಣದ ಪಟ್ಟಿ ಬೇಡ. ಅದು ಬಿಸಿಲನ್ನು ಇನ್ನೂ ಹೀರುತ್ತದೆ.

ಚಿಗುರಿತು, ಜೂನಿನಲ್ಲಿ ಬಾಡಿತು

ಇದೇ ಎಲ್ಲಕ್ಕಿಂತ ಜಾಸ್ತಿ ನೋವು ಕೊಡುವ ದೋಷ. ಇದರ ಬಗ್ಗೆ ಸ್ವಲ್ಪ ಉದ್ದ ಹೇಳುತ್ತೇನೆ, ಏಕೆಂದರೆ ಕುಂಡದಲ್ಲಿ ಮೇಪಲ್ ಇಟ್ಟವರೆಲ್ಲ ಒಂದಲ್ಲ ಒಂದು ದಿನ ಇದನ್ನು ನೋಡುತ್ತಾರೆ.

ನಮ್ಮ ಡೆಕ್ಕಿನ ಮೇಲೆ, ಅಂದರೆ ಮನೆಗೆ ತಾಗಿದ ಎತ್ತರದ ಹಲಗೆ ಜಗಲಿಯ ಮೇಲೆ, ದೊಡ್ಡ ಪಿಂಗಾಣಿ ಕುಂಡದಲ್ಲಿ ಒಂದು ಬ್ಲಡ್‌ಗುಡ್ ಇತ್ತು. ಕಡುಗೆಂಪು ಎಲೆಯ ಆ ಜಾತಿ ಇಲ್ಲಿನ ಎಲ್ಲಾ ನರ್ಸರಿಯಲ್ಲೂ ಸಿಗುತ್ತದೆ. 2019ರ ಜನವರಿಯ ಆ ಚಳಿಗೆ ಮೊದಲು ಕೊಂಬೆಗಳಿಗೆಲ್ಲ ಗೋಣಿತಾಟು ಸುತ್ತಿದೆ. ಬಹಳ ಜೋಪಾನವಾಗಿ ಸುತ್ತಿದೆ. ಕುಂಡವನ್ನು ಹಾಗೇ ಬಿಟ್ಟೆ. ಮೇ ತಿಂಗಳಲ್ಲಿ ಮೊಗ್ಗು ಬಿರಿದು ಪುಟ್ಟ ಕೆಂಪು ಎಲೆಗಳು ಬಂದವು. ಬದುಕಿತು ಅಂತ ಮನೆಮಂದಿಗೆಲ್ಲ ಹೇಳಿದೆ. ಜೂನ್ ಎರಡನೇ ವಾರ ಬಿಸಿಲು ಏರಿತು. ಮೂರೇ ದಿನದಲ್ಲಿ ಎಲೆಗಳು ಜೋತುಬಿದ್ದು ಸುರುಟಿಕೊಂಡವು. ನೀರು ಕೊಟ್ಟೆ, ಇನ್ನೂ ಕೊಟ್ಟೆ. ಏನೂ ಆಗಲಿಲ್ಲ. ಕೊನೆಗೆ ಕುಂಡದಿಂದ ಹೊರಗೆಳೆದೆ. ಬೇರನ್ನು ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಕಾಲುಚೀಲದ ಹಾಗೆ ಜಾರಿ ಕೈಗೆ ಬಂತು. ಒಳಗೆ ಬರೀ ಕಂದು ದಾರ.

ಆ ಮರ ಜನವರಿಯಲ್ಲೇ ಸತ್ತಿತ್ತು. ಮೇ ತಿಂಗಳ ಚಿಗುರು ಬಂದದ್ದು ಕಾಂಡದಲ್ಲಿ ಹಿಂದಿನ ವರ್ಷ ಕೂಡಿಟ್ಟಿದ್ದ ಸಕ್ಕರೆಯಿಂದ, ಕೊಂಬೆಯಲ್ಲಿ ಉಳಿದಿದ್ದ ನೀರಿನಿಂದ. ಕೂಡಿಟ್ಟದ್ದು ಮುಗಿಯಿತು, ಬೇರಿಂದ ಏನೂ ಬರಲಿಲ್ಲ.

ಮರದ ಚೀಟಿಯ ಮೇಲೆ ಬರೆದಿರುವ ವಲಯದ ಸಂಖ್ಯೆ ನೆಲದಲ್ಲಿ ನೆಟ್ಟ ಮರದ ಕೊಂಬೆಗೆ ಸಂಬಂಧಿಸಿದ್ದು. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಪೂರ್ತಿ ನಿದ್ದೆಯಲ್ಲಿರುವ ಕೊಂಬೆ ಮೈನಸ್ 25ರ ಗಾಳಿಯನ್ನು ತಡೆಯುತ್ತದೆ. ಬೇರು ಸುಮಾರು ಮೈನಸ್ 10ಕ್ಕೇ ಸಾಯುತ್ತದೆ. ಎಳೆಯ ಬೇರು ಅದಕ್ಕೂ ಮೊದಲೇ ಹೋಗುತ್ತದೆ. ನೆಲದಲ್ಲಿದ್ದರೆ ಇದು ತೊಂದರೆಯೇ ಅಲ್ಲ. ಮೇಲೆ ತರಗೆಲೆ, ಅದರ ಮೇಲೆ ಸ್ನೋ ಹೊದ್ದ ಮಣ್ಣು ಸೊನ್ನೆಗಿಂತ ಸ್ವಲ್ಪವೇ ಕೆಳಗಿರುತ್ತದೆ. ಡೆಕ್ಕಿನ ಮೇಲಿನ ಕುಂಡಕ್ಕೆ ಮಾತ್ರ ನಾಲ್ಕೂ ಕಡೆಯಿಂದ, ಕೆಳಗಿನಿಂದಲೂ ಗಾಳಿ. ಒಂದೆರಡು ರಾತ್ರಿಯಲ್ಲಿ ಒಳಗಿನ ಮಣ್ಣು ಹೊರಗಿನಷ್ಟೇ ತಣ್ಣಗಾಗುತ್ತದೆ. ಬೇರುಗಳು ಜಾಸ್ತಿ ಇರುವುದೂ ಕುಂಡದ ಗೋಡೆಗೆ ತಾಗಿಕೊಂಡೇ ಅಲ್ವಾ? ಅವೇ ಮೊದಲು ಸಾಯುತ್ತವೆ. ಅದಕ್ಕೇ ಕುಂಡದಲ್ಲಿ ಹೊರಗಿಡುವುದಾದರೆ ನಿಮ್ಮ ಊರಿಗಿಂತ ಎರಡು ವಲಯ ಹೆಚ್ಚು ಚಳಿ ತಡೆಯುವ ಗಿಡ ಬೇಕು ಅನ್ನುವ ಲೆಕ್ಕ ಇದೆ.

ಹಾಗಾಗಿ ಏಪ್ರಿಲಿನಲ್ಲೇ ಬೇರು ನೋಡಿ. ಜೂನಿನವರೆಗೆ ಕಾಯಬೇಡಿ. ಮಣ್ಣು ಕರಗಿದ ಮೇಲೆ ಕುಂಡವನ್ನು ಮಗ್ಗುಲಿಗೆ ಮಲಗಿಸಿ ಮೆಲ್ಲಗೆ ಎಳೆಯಿರಿ. ಬೇರು ಗಟ್ಟಿಯಾಗಿದ್ದು, ಉಗುರಲ್ಲಿ ಕೆರೆದರೆ ಒಳಗೆ ಬಿಳಿ ಕಂಡರೆ ಒಳ್ಳೆಯದು. ಸಿಪ್ಪೆ ಜಾರಿ ಬಂದರೆ, ಮೆತ್ತಗೆ ಕಪ್ಪಾಗಿದ್ದರೆ ಸತ್ತಿದೆ. ಹೊರಗಿನ ಬೇರು ಹೋಗಿ ನಡುವಿನದ್ದು ಉಳಿದಿದ್ದರೆ ಮರವನ್ನು ಉಳಿಸಿಕೊಳ್ಳುವ ಅವಕಾಶ ಇದೆ. ಸತ್ತದ್ದನ್ನು ಕತ್ತರಿಸಿ, ಸಣ್ಣ ಕುಂಡಕ್ಕೆ ಬದಲಾಯಿಸಿ, ಆ ಇಡೀ ಬೇಸಿಗೆ ನೆರಳಲ್ಲಿಡಿ. ಗೊಬ್ಬರ ಬೇಡವೇ ಬೇಡ. ಮಣ್ಣು ಒದ್ದೆಯಾಗಿಯೇ ಇದ್ದರೆ ಉಳಿದ ಬೇರೂ ಕೊಳೆಯುತ್ತದೆ, ಆದ್ದರಿಂದ ಬೆರಳು ಹಾಕಿ ನೋಡಿ ನೀರು ಕೊಡಿ.

ಈಗ ನಾನು ಕುಂಡದ ಮರಗಳನ್ನು ಎಲೆ ಪೂರ್ತಿ ಉದುರಿದ ಮೇಲೆ, ನವೆಂಬರ್ ಕೊನೆಗೆ, ಗರಾಜಿಗೆ ಸೇರಿಸುತ್ತೇನೆ. ಹೀಟರ್ ಇಲ್ಲದ ಗರಾಜು, ಮನೆಯ ಗೋಡೆಗೆ ಅಂಟಿದ ಮೂಲೆ. ಅಲ್ಲಿ ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ಎಲೆ ಇಲ್ಲದ್ದರಿಂದ ಬೆಳಕು ಬೇಡ. ಕುಂಡವನ್ನು ಸಿಮೆಂಟ್ ನೆಲದ ಮೇಲಿಡದೆ ಮರದ ಹಲಗೆಯ ಮೇಲಿಡಿ. ಮೂರು ನಾಲ್ಕು ವಾರಕ್ಕೊಮ್ಮೆ, ಮಣ್ಣು ಹೆಪ್ಪುಗಟ್ಟಿಲ್ಲದ ದಿನ, ಒಂದು ಚೊಂಬು ನೀರು. ಇದನ್ನು ಮರೆತು ಗರಾಜಿನಲ್ಲೇ ಮರ ಒಣಗಿಸಿದವರೂ ಇದ್ದಾರೆ. ಗರಾಜು ಇಲ್ಲದಿದ್ದರೆ ಹಿತ್ತಲಲ್ಲಿ ಗುಂಡಿ ತೋಡಿ ಕುಂಡ ಸಮೇತ ಅಂಚಿನವರೆಗೆ ಹೂಳಿ, ಮೇಲೆ ತರಗೆಲೆ ರಾಶಿ ಹಾಕಿ. ಇದು ಗರಾಜಿಗಿಂತಲೂ ಚೆನ್ನಾಗಿ ಕೆಲಸ ಮಾಡುತ್ತದೆ.

ಮನೆಯೊಳಗೆ ಮಾತ್ರ ತರಬೇಡಿ. ಪಾಪ ಚಳಿ ಅಂತ ನಡುಮನೆಯಲ್ಲಿ ಇಟ್ಟ ಗೆಳೆಯರೊಬ್ಬರ ಮರ ಜನವರಿಯಲ್ಲಿ ಪೇಲವ ಚಿಗುರು ಬಿಟ್ಟು, ಮಾರ್ಚಿನ ಹೊತ್ತಿಗೆ ಮುಗಿಯಿತು. ಈ ಮರಕ್ಕೆ ಎರಡು ಮೂರು ತಿಂಗಳ ತಂಪು ನಿದ್ದೆ ಊಟದಷ್ಟೇ ಮುಖ್ಯ. ಬೆಂಗಳೂರಿನ ಅಕ್ಕ "ನಮ್ಮ ಬಾಲ್ಕನಿಗೂ ಒಂದು ಆಗತ್ತಾ?" ಅಂತ ಆಸೆಯಿಂದ ಕೇಳಿದಾಗ ಇದನ್ನೇ ಹೇಳಬೇಕಾಯಿತು. ಬೆಂಗಳೂರಿನ ಇತಿಹಾಸದ ಅತಿ ಚಳಿಯ ದಿನ 1884ರ ಜನವರಿ 13. ಅವತ್ತು ಕೂಡ 7.8 ಡಿಗ್ರಿ. ಈ ಮರಕ್ಕೆ ಅಂಥ ತಂಪು ಒಂದು ದಿನ ಸಿಕ್ಕರೆ ಸಾಲದು, ವಾರಗಟ್ಟಲೆ ಬೇಕು.

ಬುಡದಲ್ಲಿ ತೊಗಟೆಯೇ ಇಲ್ಲದಿದ್ದರೆ

ಸ್ನೋ ಕರಗಿದ ದಿನವೇ ಮರದ ಬುಡ ನೋಡಿ. ಮಣ್ಣಿನ ಮಟ್ಟದಲ್ಲಿ ತೊಗಟೆ ಕೆರೆದು ತಿಂದ ಹಾಗಿದ್ದು, ಸಣ್ಣ ಸಣ್ಣ ಹಲ್ಲಿನ ಗುರುತು ಅಡ್ಡಾದಿಡ್ಡಿ ಇದ್ದರೆ ಅದು ವೋಲ್. ಮೋಟು ಬಾಲದ, ಇಲಿಯಂಥ ಪ್ರಾಣಿ. ಸ್ನೋ ಕೆಳಗೆ ಸುರಂಗ ಮಾಡಿಕೊಂಡು ಯಾರಿಗೂ ಕಾಣದೆ ಬರುತ್ತದೆ. ಹುಲ್ಲಿನ ಮೇಲೆ ಹಾವು ಹರಿದಂಥ ದಾರಿಗಳು ಉಳಿದಿದ್ದರೆ ಅನುಮಾನವೇ ಬೇಡ. ತೆಳ್ಳನೆಯ ಕೊಂಬೆಗಳು ಚಾಕುವಿನಲ್ಲಿ ಓರೆಯಾಗಿ ಕೊಯ್ದ ಹಾಗಿದ್ದು, ಸುತ್ತ ದುಂಡು ಹಿಕ್ಕೆ ಬಿದ್ದಿದ್ದರೆ ಮೊಲ. ಮೊಲ ಸ್ನೋ ರಾಶಿಯ ಮೇಲೆ ನಿಂತು ತಿನ್ನುವುದರಿಂದ ಗಾಯ ಮೊಣಕಾಲಿಗಿಂತ ಎತ್ತರದಲ್ಲೂ ಇರಬಹುದು.

ಸುತ್ತಲೂ ಉಂಗುರದ ಹಾಗೆ ತಿಂದಿದ್ದರೆ ಅದರ ಮೇಲಿನ ಭಾಗ ಉಳಿಯುವುದು ತೀರಾ ಕಷ್ಟ. ಎಲೆ ತಯಾರಿಸಿದ ಆಹಾರ ತೊಗಟೆಯ ಮೂಲಕವೇ ಬೇರಿಗೆ ಇಳಿಯಬೇಕು, ಆ ದಾರಿ ಕಡಿದಿರುತ್ತದೆ. ಒಂದು ಬದಿ ಉಳಿದಿದ್ದರೆ ಮುಟ್ಟದೆ ಬಿಡಿ, ನೀರು ತಪ್ಪಿಸಬೇಡಿ.

ಇದು ಪೂರ್ತಿ ತಡೆಯಬಹುದಾದ ನಷ್ಟ. ಕಾಲು ಇಂಚಿನ ಕಣ್ಣಿನ ತಂತಿ ಜಾಲರಿಯನ್ನು ಕಾಂಡದಿಂದ ಒಂದೆರಡು ಇಂಚು ದೂರಕ್ಕೆ ಕೊಳವೆಯ ಹಾಗೆ ನಿಲ್ಲಿಸಿ. ಕೆಳಗೆ ಎರಡು ಇಂಚು ಮಣ್ಣಿನೊಳಗೆ ಹೋಗಬೇಕು, ಮೇಲೆ ನಿಮ್ಮಲ್ಲಿ ನಿಲ್ಲುವ ಸ್ನೋಗಿಂತ ಒಂದೂವರೆ ಅಡಿ ಎತ್ತರ ಇರಬೇಕು. ಇನ್ನೊಂದು ವಿಷಯ ಬಹಳ ಮುಖ್ಯ. ಬುಡಕ್ಕೆ ಹಾಕುವ ತರಗು, ಮರದ ಚಕ್ಕೆಗಳನ್ನು ಕಾಂಡಕ್ಕೆ ತಾಗಿಸಿ ಗುಡ್ಡೆ ಮಾಡಬೇಡಿ. ಇಲ್ಲಿನ ರಸ್ತೆ ಬದಿಯಲ್ಲೆಲ್ಲ ಹಾಗೆ ಮಾಡಿರುತ್ತಾರೆ, ನೋಡಿ ನಾವೂ ಕಲಿಯುತ್ತೇವೆ. ಆ ಗುಡ್ಡೆ ವೋಲ್‌ಗೆ ಬೆಚ್ಚನೆಯ ಮನೆ. ಎರಡು ಮೂರು ಇಂಚು ದಪ್ಪ, ಅಗಲಕ್ಕೆ ಹರಡಿ, ಕಾಂಡದ ಸುತ್ತ ಒಂದು ಗೇಣು ಖಾಲಿ.

ಒಂದೇ ಕೊಂಬೆ ಸತ್ತರೆ

ಉಳಿದದ್ದೆಲ್ಲ ಚೆನ್ನಾಗಿದ್ದು ಒಂದು ದೊಡ್ಡ ಕೊಂಬೆ ಮಾತ್ರ ಚಿಗುರದಿದ್ದರೆ, ಅಥವಾ ಬೇಸಿಗೆಯಲ್ಲಿ ಒಮ್ಮೆಲೇ ಬಾಡಿದರೆ, ಚಳಿಯನ್ನು ದೂರುವ ಮೊದಲು ಆ ಕೊಂಬೆಯನ್ನು ಅಡ್ಡ ಕತ್ತರಿಸಿ ನೋಡಿ. ಕತ್ತರಿಸಿದ ಮುಖದಲ್ಲಿ ಪಾಚಿ ಹಸಿರಿನ ಅಥವಾ ಕಪ್ಪು ಹಸಿರಿನ ಚುಕ್ಕೆ, ಬಳೆಯಂಥ ಗುರುತು ಕಂಡರೆ ಅದು ವರ್ಟಿಸಿಲಿಯಮ್ ಅನ್ನುವ ಶಿಲೀಂಧ್ರ. ಮಣ್ಣಿನಿಂದ ಬೇರಿನ ಮೂಲಕ ಏರಿ ನೀರಿನ ದಾರಿಗಳನ್ನು ಮುಚ್ಚುತ್ತದೆ. ಇದಕ್ಕೆ ಔಷಧಿ ಇಲ್ಲ. ಕತ್ತರಿಸಿ, ಕತ್ತರಿಯನ್ನು ಪ್ರತಿ ಸಲ ಸ್ಪಿರಿಟ್ಟಿನಲ್ಲಿ ಒರೆಸಿ, ನೀರು ಸರಿಯಾಗಿ ಕೊಟ್ಟು ಕಾದು ನೋಡಬೇಕು. ಕೆಲವು ಮರಗಳು ಹೊಸ ಪದರ ಬೆಳೆಸಿ ಎಷ್ಟೋ ವರ್ಷ ಬದುಕುತ್ತವೆ.

ನಮ್ಮವರಿಗೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಬದನೆ, ಟೊಮೆಟೊ, ಆಲೂಗಡ್ಡೆ ಇದೇ ಶಿಲೀಂಧ್ರಕ್ಕೆ ಮನೆ. ಊರಿನ ಬದನೆ ಬೀಜ ತಂದು ಹಿತ್ತಲಲ್ಲಿ ವರ್ಷ ವರ್ಷ ಬೆಳೆದ ಪಾತಿ ಇದ್ದರೆ, ಅಲ್ಲಿ ಮೇಪಲ್ ನೆಡಬೇಡಿ. ಮಣ್ಣಿನಲ್ಲಿ ಅದು ವರ್ಷಗಟ್ಟಲೆ ಸುಮ್ನೆ ಮಲಗಿರುತ್ತದೆ. ಈ ರೋಗದಿಂದ ಮೇಪಲ್ ಸತ್ತ ಜಾಗಕ್ಕೂ ಮತ್ತೆ ಮೇಪಲ್ ಬೇಡ. ಪೈನ್, ಸ್ಪ್ರೂಸ್ ಜಾತಿಯ ಮರಗಳಿಗೆ ಇದು ತಗಲುವುದಿಲ್ಲ.

ಒಣ ಕೊಂಬೆಯ ಮೇಲೆ ಕಿತ್ತಳೆ ಗುಲಾಬಿ ಬಣ್ಣದ ಸಾಸಿವೆಯಂಥ ಗುಳ್ಳೆಗಳಿದ್ದರೆ ಅದು ಬೇರೆ ಶಿಲೀಂಧ್ರ. ಬಹಳ ಸಲ ಚಳಿಯಿಂದ ಸತ್ತ ಕೊಂಬೆಯ ಮೇಲೆ ಆಮೇಲೆ ಬಂದು ಕೂತದ್ದು. ಹಸಿರು ಸಿಗುವ ಜಾಗಕ್ಕಿಂತ ಸ್ವಲ್ಪ ಕೆಳಗೆ ಕತ್ತರಿಸಿ ಕಸಕ್ಕೆ ಹಾಕಿ.

ರಸ್ತೆಯ ಕಡೆಗಿನ ಕೊಂಬೆಗಳು ಮಾತ್ರ ಸತ್ತಿದ್ದರೆ ಅದು ಉಪ್ಪು. ಸ್ನೋ ಕರಗಿಸಲು ಹಾಕಿದ ಉಪ್ಪಿನ ನೀರು ಕಾರಿನ ಚಕ್ರದಿಂದ ಸಿಡಿಯುತ್ತದೆ. ಮಣ್ಣು ಕರಗಿದ ಕೂಡಲೇ ಧಾರಾಳ ನೀರು ಬಿಟ್ಟು ತೊಳೆಯಿರಿ. ನಿಮ್ಮ ಮನೆಯ ದಾರಿಗೆ ಉಪ್ಪಿನ ಬದಲು ಮರಳು ಹಾಕಿ.

ಕೆಂಪು ಮರದಲ್ಲಿ ಹಸಿರು ಎಲೆ ಬಂದರೆ

ಬುಡದಿಂದ ಚಿಗುರು ಬಂತು ಅಂತ ಖುಷಿ ಪಡುವ ಮೊದಲು ಎಲೆಯ ಬಣ್ಣ, ಆಕಾರ ನೋಡಿ. ಹೆಸರಿರುವ ಜಾತಿಗಳು ಹೆಚ್ಚಾಗಿ ನಮ್ಮ ಮಾವಿನ ಹಾಗೆ ಕಸಿ ಮಾಡಿದವು. ಕಸಿ ಗಂಟಿನ ಕೆಳಗಿಂದ ಬಂದ ಹಸಿರು ಚಿಗುರು ಕೆಳಗಿನ ನಾಟಿ ಗಿಡದ್ದು. ಮೇಲೆ ನೀವು ದುಡ್ಡು ಕೊಟ್ಟ ಮರ ಬದುಕಿದ್ದರೆ ಆ ಚಿಗುರನ್ನು ಕಿತ್ತು ಹಾಕಿ. ಮೇಲಿನದು ಪೂರ್ತಿ ಸತ್ತಿದ್ದರೆ, ಇಟ್ಟುಕೊಂಡು ಬೆಳೆಸಿ. ಅದೂ ಚೆಂದದ ಮರವೇ, ಎಷ್ಟೋ ಸಲ ಚಳಿಗೆ ಗಟ್ಟಿ ಕೂಡ.

ಚಿಗುರು ಸುಟ್ಟ ಹಾಗಿದ್ದರೆ

ಏಪ್ರಿಲಿನಲ್ಲಿ ನಾಲ್ಕು ದಿನ ಬೆಚ್ಚಗಾದರೆ ಮರ ಮೋಸ ಹೋಗಿ ಚಿಗುರುತ್ತದೆ. ಆಮೇಲೆ ಒಂದು ರಾತ್ರಿ ಮೈನಸ್ ಎರಡಕ್ಕೆ ಇಳಿದರೆ ಬೆಳಿಗ್ಗೆ ಎಲೆಗಳು ಬೇಯಿಸಿದ ಸೊಪ್ಪಿನ ಹಾಗೆ ಜೋತು, ಮಧ್ಯಾಹ್ನಕ್ಕೆ ಕಪ್ಪಾಗುತ್ತವೆ. ನೋಡಲು ಭಯವಾಗುತ್ತದೆ, ಆದರೆ ಮರ ಸಾಯುವುದಿಲ್ಲ. ಮೂರು ನಾಲ್ಕು ವಾರದಲ್ಲಿ ಎರಡನೇ ಸಲ ಚಿಗುರುತ್ತದೆ. ಆ ಹೊತ್ತಿಗೆ ಗೊಬ್ಬರ ಸುರಿಯುವುದು, ಕತ್ತರಿಸುವುದು ಮಾಡಬೇಡಿ. ಕಪ್ಪು ಚಿಗುರಿನಿಂದ ಕಡ್ಡಿಗೂ ಕೆಳಕ್ಕೆ ಇಳಿಯುತ್ತಾ ಹೋದರೆ, ಅದೂ ಒದ್ದೆ ತಂಪಿನ ವಾರಗಳಲ್ಲಿ, ಫ್ರಾಸ್ಟ್, ಅಂದರೆ ರಾತ್ರಿಯ ಹೆಪ್ಪುಗಟ್ಟಿಸುವ ಚಳಿ, ಮಾಡಿದ ಗಾಯದಲ್ಲಿ ಬ್ಯಾಕ್ಟೀರಿಯಾ ಸೇರಿದೆ ಅಂತ ಅರ್ಥ. ಮಳೆ ಇಲ್ಲದ ದಿನ ನೋಡಿ ಕತ್ತರಿಸಿ.

ಇಲ್ಲಿ ತೋಟದವರು ಮೇ ತಿಂಗಳ ಎರಡನೇ ಭಾನುವಾರದ ಮದರ್ಸ್ ಡೇ ತನಕ ಫ್ರಾಸ್ಟ್ ಭಯ ಇದೆ ಅನ್ನುತ್ತಾರೆ. ಗರಾಜಿನಿಂದ ಕುಂಡ ಹೊರಗೆ ತಂದ ಮೇಲೂ ಅಲ್ಲಿವರೆಗೆ ರಾತ್ರಿಯ ಹವಾಮಾನ ನೋಡಿ. ಚಳಿ ಇದೆ ಅಂದರೆ ಮರದ ಮೇಲೊಂದು ಹಳೆಯ ಹತ್ತಿ ಬೆಡ್‌ಶೀಟ್ ನೆಲದವರೆಗೆ ಇಳಿಬಿಡಿ. ಪ್ಲಾಸ್ಟಿಕ್ ಬೇಡ, ಅದು ತಾಗಿದ ಎಲೆಯೇ ಸುಡುತ್ತದೆ.

ಸ್ನೋ ಭಾರಕ್ಕೆ ಮುರಿದದ್ದು

ಗುಡಿಸಲಿನ ಚಾವಣಿಯ ಹಾಗೆ ಇಳಿಬೀಳುವ ಜಾತಿಗಳಿಗೆ, ಉದಾಹರಣೆಗೆ ಕ್ರಿಮ್ಸನ್ ಕ್ವೀನ್‌ಗೆ, ಇದು ಜಾಸ್ತಿ. ಒದ್ದೆ ಸ್ನೋ ಬಿದ್ದ ದಿನವೇ ಮೆತ್ತನೆಯ ಪೊರಕೆಯಿಂದ ಕೆಳಗಿನಿಂದ ಮೇಲಕ್ಕೆ ಎತ್ತಿ ಸ್ನೋ ಬೀಳಿಸಿ. ಮೇಲಿಂದ ಹೊಡೆಯಬೇಡಿ. ಮಂಜುಗಡ್ಡೆ ಹಿಡಿದಿದ್ದರೆ ಮುಟ್ಟಲೇಬೇಡಿ, ಕೊಂಬೆ ಗಾಜಿನ ಹಾಗೆ ಮುರಿಯುತ್ತದೆ. ತಾನೇ ಕರಗಲಿ. ಮುರಿದ ಕೊಂಬೆಯನ್ನು ಕಾಂಡದ ಹತ್ತಿರದ ಉಬ್ಬಿದ ಕತ್ತಿನ ಹೊರಗೆ ಸಪಾಟಾಗಿ ಕತ್ತರಿಸಿ. ಜಪಾನಿನ ಕನಜಾವಾದ ಕೆನ್ರೊಕುಎನ್ ಉದ್ಯಾನದಲ್ಲಿ ಪ್ರತಿ ವರ್ಷ ನವೆಂಬರ್ 1ರಿಂದ ಎತ್ತರದ ಕಂಬ ನಿಲ್ಲಿಸಿ, ಅದರ ತುದಿಯಿಂದ ಛತ್ರಿಯ ಕಡ್ಡಿಗಳ ಹಾಗೆ ಹಗ್ಗ ಇಳಿಸಿ ಪೈನ್ ಮರದ ಕೊಂಬೆಗಳನ್ನು ಎತ್ತಿ ಕಟ್ಟುತ್ತಾರೆ. ಅದಕ್ಕೆ ಯುಕಿತ್ಸುರಿ ಅನ್ನುತ್ತಾರೆ. ನಾನು ಒಂದು ಬಿದಿರು ಗಳ, ಹತ್ತಿ ಹಗ್ಗ ಹಿಡಿದು ನಮ್ಮ ಪುಟ್ಟ ಮರಕ್ಕೆ ಮಾಡಿದ್ದೇನೆ. ಎರಡು ಚಳಿಗಾಲದಿಂದ ಒಂದು ಕೊಂಬೆಯೂ ಮುರಿದಿಲ್ಲ.

ಎಲ್ಲಿಯವರೆಗೆ ಕಾಯಬೇಕು

ಹಸಿರು ಕಂಡರೆ ಜೂನ್ ಕೊನೆಯವರೆಗೆ ಕಾಯಿರಿ. ಕಾಂಡದಲ್ಲೇ ಮಲಗಿರುವ ಮೊಗ್ಗುಗಳು ತಡವಾಗಿ ಏಳುತ್ತವೆ. ನಮ್ಮ ಒಂದು ಮರ ಜೂನ್ 20ರ ನಂತರ ಚಿಗುರಿದೆ. ಬುಡದವರೆಗೆ ಎಲ್ಲಿ ಕೆರೆದರೂ ಕಂದೇ ಆಗಿದ್ದರೆ, ಕಾಯುವುದರಿಂದ ಏನೂ ಸಿಗುವುದಿಲ್ಲ. ಅಗೆದು ತೆಗೆಯಿರಿ, ಬೇರನ್ನೂ ನೋಡಿ, ಯಾವ ಬದಿಯದು ಸತ್ತಿದೆ ಅಂತ ಬರೆದಿಟ್ಟುಕೊಳ್ಳಿ.

ಹೊಸದು ನೆಡುವುದಾದರೆ ವಸಂತದಲ್ಲಿ ನೆಡಿ. ಚಳಿ ಬರುವ ಮೊದಲು ಬೇರು ಇಳಿಯಲು ಇಡೀ ಬೇಸಿಗೆ ಸಿಗುತ್ತದೆ. ಮನೆಯ ಪೂರ್ವ ಬದಿ ಒಳ್ಳೆಯದು. ಬೆಳಗಿನ ಬಿಸಿಲು ಬರುತ್ತದೆ, ವಾಯುವ್ಯದ ಗಾಳಿಗೂ ಸಂಜೆ ಬಿಸಿಲಿಗೂ ಗೋಡೆ ಅಡ್ಡ ನಿಲ್ಲುತ್ತದೆ. ನಿಮ್ಮ ಹಿತ್ತಲು ಪೂರ್ತಿ ಬಯಲಾಗಿದ್ದರೆ, ಅಥವಾ ನೀವು ಮಿನಿಯಾಪೊಲಿಸ್ ಕಡೆ ಇದ್ದರೆ, ಕೊರಿಯನ್ ಮೇಪಲ್ ಕೇಳಿ. ವಲಯ 4ರ ಚಳಿಯನ್ನೂ ತಡೆಯುತ್ತದೆ. ಎಲೆಯ ಆಕಾರ ಹೆಚ್ಚುಕಡಿಮೆ ಅದೇ, ಅಕ್ಟೋಬರಿನಲ್ಲಿ ಕಿತ್ತಳೆ ಕೆಂಪಿಗೆ ತಿರುಗುತ್ತದೆ. ಆ ಬ್ಲಡ್‌ಗುಡ್ ಇದ್ದ ಕುಂಡದ ಪಕ್ಕದ ನೆಲದಲ್ಲಿ ಈಗ ನಮ್ಮಲ್ಲಿ ಇರುವುದು ಅದೇ.